ಮೂರನೇ ಸಿಲಿಂಡರಿನ ಜ್ವರ

ಲಾರಿ ಸೀಟಿಗೆ ಹೊಲಿಗೆ ಹಾಕುವವಳು ನಾನು,
ವಿಮಾನದ ಉಸಾಬರಿ ನನಗೇಕೆ?
ಆದರೂ ಅಪಿಂಗ್ಟನ್ನಿನ ಆಚೆ, ಕೆಂಪು ಮರಳಿನ ನಡುವೆ,
ತಗಡಿನ ಶೆಡ್ಡಿನಲ್ಲಿ, ಒಂಬತ್ತು ವರ್ಷ
ಒಂದೊಂದೇ ರಿವೆಟ್ ಹೊಡೆದು ಕಟ್ಟಿದ್ದಕ್ಕೆ
ಜ್ವರ ಬಂದಿದೆ ಅಂತ ಟೀಲ್‌ಮನ್ ಕರೆಸಿದ.

ಹಾರಿದ್ದು ಎರಡೇ ಸಲ.
ಎರಡು ಸಲವೂ ಏರುತ್ತ ಏರುತ್ತ
ಮೂರನೇ ಸಿಲಿಂಡರಿನ ಮುಳ್ಳು
ಇನ್ನೂರ ಮೂವತ್ತು ದಾಟಿ ಕೆಂಪು ಗೆರೆಗೆ ತಾಗಿ
ಇವನು ಮೂತಿ ಇಳಿಸಿ, ಬೆವರು ಒರೆಸಿ, ವಾಪಸು.
ನೆಲದ ಮೇಲೆ ನಲವತ್ತೊಂದು ಡಿಗ್ರಿ.
ಹಲ್ಲಿಯೂ ಕಾಲು ಬದಲಿಸಿ ನಿಲ್ಲುವ ಬಿಸಿಲು.

ಬಾಯಿ ಸಾಲದು ಅಂದುಕೊಂಡು
ಮುಂದಿನ ಎರಡು ತೂತನ್ನೂ ಅಗಲ ಮಾಡಿದನಂತೆ.
ಜ್ವರ ಇನ್ನೂ ಐದು ಡಿಗ್ರಿ ಏರಿತು.
ಗಾಳಿ ಗುದ್ದಿ ಮೈ ನೋಯಿಸಿಕೊಳ್ಳುವುದು
ಅಂದರೆ ಇದೇ ಇರಬೇಕು.

ಬಗ್ಗಿ ತೋರಿಸಿದ:
ಗಾಳಿ ಮುಂದಿನಿಂದ ನುಗ್ಗಿ ಎಂಜಿನ್ನಿನ ನೆತ್ತಿಯ ಮೇಲೆ ತುಂಬಬೇಕು,
ತೆಳು ತೆಳು ಲೋಹದ ಹಾಳೆಗಳ ಸಂದಿನಲ್ಲಿ
ಮೈ ಹಿಂಡಿಕೊಂಡು ಇಳಿಯಬೇಕು,
ಬಿಸಿಯನ್ನೆಲ್ಲ ಹೊತ್ತು ಹೊಟ್ಟೆಯಡಿಯಿಂದ ಹೊರಡಬೇಕು.
"ಆದರೆ ಗಾಳಿ ಮೈಗಳ್ಳ, ಮೀತಾ.
ಕೆಲಸವಿಲ್ಲದ ದಾರಿ ಒಂದು ಸಿಕ್ಕರೆ
ಅಲ್ಲೇ ಜಾರುತ್ತದೆ."

ಪ್ಲಾಸ್ಟಿಕ್ ಕೊಳವೆಯಲ್ಲಿ ಬೀಟ್‌ರೂಟ್ ಬೇಯಿಸಿದ ನೀರು,
ಒಂದು ತುದಿ ಎಂಜಿನ್ನಿನ ಮೇಲೆ, ಒಂದು ಕೆಳಗೆ.
ಹದಿನೈದು ಸೆಂಟಿಮೀಟರ್ ಅಂತರ ಬರಬೇಕಿತ್ತು,
ಬಂದದ್ದು ಆರು.
ಅವನ ಮುಖವೂ ಬೀಟ್‌ರೂಟೇ.

ಅವನ ಹೆಂಡತಿಯ ವ್ಯಾಕ್ಯೂಮ್ ಕ್ಲೀನರಿನ ಕೊಳವೆ
ತಿರುಗಿಸಿ ಹಾಕಿ ಮೂತಿಯೊಳಗೆ ಊದಿಸಿದೆವು.
ಪೆಟ್ರೋಲು ಮೊದಲೇ ಇಳಿಸಿದ್ದೆವು, ಅಷ್ಟು ದಡ್ಡರಲ್ಲ.
ನಾನು ಸಿಗರೇಟು ಹಚ್ಚಿ ಅಂಚಂಚಿಗೂ ಹಿಡಿದೆ.
ಹೊಗೆ ನೆಟ್ಟಗೆ ನಿಂತಲ್ಲಿ ಸರಿ;
ಎಣ್ಣೆಯ ರೇಡಿಯೇಟರಿನ ಹಿಂದೆ ಬೆದರಿ ಓಡಿತು,
ಬಲ ಮೂಲೆಯಲ್ಲಿ ಓಡಿತು,
ರಬ್ಬರಿನ ಪಟ್ಟಿ ಒಳಕ್ಕೆ ಬಾಗುವ ಬದಲು
ಹೊರಕ್ಕೆ ಬಾಗಿದ್ದಲ್ಲಿ ಓಡಿತು, ಓಡಿತು.

ಇದು ನನಗೆ ಗೊತ್ತಿರುವ ಕೆಲಸ.
ಕಿತ್ತಳೆ ಬಣ್ಣದ ರಬ್ಬರು ಕತ್ತರಿಸಿ,
ಗಾಳಿ ಒತ್ತಿದಷ್ಟೂ ತಾನಾಗಿ ಬಿಗಿಯುವ ಹಾಗೆ
ಸೀಟಿನ ಅಂಚು ಹೊಲಿದಂತೆ ಹೊಲಿದೆ.
ಬೆರಳಿಗೆ ಮೂರು ಸಲ ಸೂಜಿ.
ಅವನು ಹೊಟ್ಟೆಯಡಿಯ ಹೊರಬಾಗಿಲಿಗೆ
ತಗಡಿನದೊಂದು ತುಟಿ ಬಾಗಿಸಿದ,
ಹೊರಡುವ ಗಾಳಿಯನ್ನು ಹೊರಗಿನ ಗಾಳಿ
ಕೈಹಿಡಿದು ಎಳೆಯಲಿ ಅಂತ.

ಹಾರಿ ಬಂದ. ಮೂರು ಸಿಲಿಂಡರು ಹೇಳಿದ ಮಾತು ಕೇಳಿದ್ದವು.
ಮೂರನೆಯದು: ಇನ್ನೂರ ಹದಿನೆಂಟು.

ಅವನು ಪೆಟ್ಟಿಗೆಯ ಮೇಲೆ ಕೂತು
ಎಷ್ಟೋ ಹೊತ್ತು ಮಾತಾಡಲಿಲ್ಲ.
ಎಂಜಿನ್ನು ಟಿಕ್ ಟಿಕ್ ಅನ್ನುತ್ತ ಆರುತ್ತಿತ್ತು.
ನಾನು ಸುಮ್ಮನಿರಲಾರದೆ ಆ ಸಿಲಿಂಡರಿನ
ಬೆನ್ನ ಹಿಂದೆ ಬೆರಳು ತೂರಿಸಿದೆ.
ಹಿಂದಿನ ತಗಡು ಅದಕ್ಕೆ ಅಂಟಿಕೊಂಡು ನಿಂತಿದೆ,
ಉಗುರಿಗೂ ಜಾಗವಿಲ್ಲ.
ಎಲ್ಲ ಸಂದು ಮುಚ್ಚಿ ಬಂದೆವಲ್ಲ,
ಇದೊಂದು ಮೊದಲಿಂದಲೇ ಮುಚ್ಚಿತ್ತು.
"ಇದಕ್ಕೆ ಬೆನ್ನು ಕೆರೆದುಕೊಳ್ಳಲೂ ಗಾಳಿಯಿಲ್ಲ," ಅಂದೆ.

ಜೇಬಿನಲ್ಲಿ ಸೀಟಿನ ಬೋಲ್ಟಿನದೊಂದು ವಾಷರಿತ್ತು.
ಎರಡು ಮಿಲಿಮೀಟರ್.
ತಗಡಿಗೂ ಸಿಲಿಂಡರಿಗೂ ನಡುವೆ ಸಿಕ್ಕಿಸಿ ಬಿಗಿದ.

ಭಾನುವಾರ ಬೆಳಿಗ್ಗೆ ನದಿಯ ಗುಂಟ
ದ್ರಾಕ್ಷಿ ತೋಟಗಳ ಮೇಲೆ ಒಂದು ತಾಸು.
ಇಳಿದವನು ಏನೂ ಹೇಳಲಿಲ್ಲ,
ಶೆಡ್ಡಿನ ಬಾಗಿಲಿಗೆ ಸೀಮೆಸುಣ್ಣದಲ್ಲಿ
೧೯೧ ಅಂತ ಬರೆದ.

ಹೊಲಿಗೆಯ ಕೂಲಿ ಕೊಟ್ಟ.
ವಾಷರಿನದು ನಾನು ಕೇಳಲಿಲ್ಲ, ಅವನೂ ಕೊಡಲಿಲ್ಲ.
ಆ ಲಾರಿಯ ಡ್ರೈವರು ಮಾತ್ರ ಈಗಲೂ ಗೊಣಗುತ್ತಾನೆ,
ಪಕ್ಕದ ಸೀಟು ಯಾಕೋ ಕಿರ್ ಅನ್ನುತ್ತೆ ಅಂತ.