ಎಷ್ಟಕ್ಕೆ ಕುದಿಯಿತು

ಕೂತುಕೋ ಹುಡುಗ. ಬೂಟು ಬಿಚ್ಚಿ ಒಲೆಯ ಕಡೆ ಕಾಲು ಚಾಚು.
ಏಳು ಸಮುದ್ರ ದಾಟಿ ಲೇಹಕ್ಕೆ ಬಂದು
ನೀನು ಕೇಳುವುದೂ ಅದನ್ನೇ:
ತ್ಸಾಮೊ ಲಾ ಎಷ್ಟು ಎತ್ತರ?
ಅಟರ್‌ಬರಿ ಬರೆದದ್ದು ಸರಿಯೋ, ಥರ್ಲ್‌ಬಿ ಬರೆದದ್ದೋ?

ಎತ್ತರ ನನಗೇನು ಗೊತ್ತು, ನಾನು ಅಡುಗೆಯ ಸ್ಟೋಬ್ದನ್.
ಹತ್ತುವಾಗ ಯಾಕ್ ಎಷ್ಟು ಸಲ ನಿಂತಿತು ಕೇಳು:
ನಲವತ್ತೊಂದು.
ಹಾಶಿಂ ಆಖೂನನ ಬಿಳಿ ಕುದುರೆ ಎಲ್ಲಿ ಬಿತ್ತು ಕೇಳು.
ಅದರ ಎಲುಬು ನೋಡಿಕೊಂಡೇ ಈಗಲೂ ದಾರಿ ತಿರುಗುತ್ತಾರೆ.

ಮೊದಲು ಇಬ್ಬರಿಗೂ ಒಂದೇ ಡೇರೆ, ಒಂದೇ ಸಾಬೂನು.
ಹಿಮದ ಬೆಳಕಿಗೆ ಒಬ್ಬನ ಕಣ್ಣು ಊದಿದರೆ
ಇನ್ನೊಬ್ಬ ಚಹಾಸೊಪ್ಪಿನ ಪಟ್ಟಿ ಕಟ್ಟುತ್ತಿದ್ದ.
ಕಿರಿಯ ಥರ್ಲ್‌ಬಿ ರಾತ್ರಿ ಅಮ್ಮನನ್ನು ಕನವರಿಸಿದರೆ
ಅಟರ್‌ಬರಿ ತನ್ನ ಕಂಬಳಿಯನ್ನೂ ಅವನ ಮೇಲೆಳೆದು
ಬೆಳಗ್ಗೆ ನಮ್ಮೆದುರು ಅವನನ್ನೇ ಬೈಯುತ್ತಿದ್ದ.

ನೆತ್ತಿಯಲ್ಲಿ ಗಾಳಿ ಚರ್ಮ ಸುಲಿಯುತ್ತಿತ್ತು.
ನೀರು ಕಾಯಿಸು ಅಂದರು.
ಕುದಿವ ನೀರಿಗೆ ಗಾಜಿನ ಕಡ್ಡಿ ಅದ್ದಿದರೆ
ಬೆಟ್ಟ ತನ್ನ ಎತ್ತರ ತಾನೇ ಒಪ್ಪಿಕೊಳ್ಳುತ್ತದಂತೆ.
ಹಿರಿಯ ನನ್ನ ಪಾತ್ರೆಯಲ್ಲಿ ಅದ್ದಿದ.
ಕಿರಿಯ ನಂಬಲಿಲ್ಲ. ತನ್ನದೇ ಡಬ್ಬಿ, ಹೊಸ ಹಿಮ, ತನ್ನದೇ ಕಡ್ಡಿ.
ಐನೂರು ಅಡಿ ಹೆಚ್ಚು ಬಂತು.
ಆ ಐನೂರು ಅಡಿಯೊಳಗೆ ಬಿದ್ದವರು
ಇಬ್ಬರೂ ಎದ್ದು ಬರಲಿಲ್ಲ.

ಇಳಿಯುವಾಗ ಎರಡು ಡೇರೆ. ನನಗೆ ಎರಡು ಒಲೆ.
ಆಮೇಲಿನದು ಪಾದ್ರಿ ಪತ್ರಿಕೆಯಿಂದ ಓದಿ ಹೇಳಿದ್ದು:
ಲಂಡನ್ನಿನ ಸಭೆಯಲ್ಲಿ ಒಬ್ಬನ ಕೊರಳಿಗೆ ಪದಕ,
ಇನ್ನೊಬ್ಬ ಎದ್ದು ಹೊರಗೆ ನಡೆದ.
ಇಪ್ಪತ್ತು ವರ್ಷ ಕಾಗದದ ಮೇಲೆ ಕುದಿದರು.
ಮತ್ತೆ ಅಳೆಯಲೆಂದು ಥರ್ಲ್‌ಬಿ ಒಬ್ಬನೇ ಬಂದ,
ನದಿ ದಾಟುವಲ್ಲಿ ಕಾಲಿನ ಮೂರು ಬೆರಳು ಬಿಟ್ಟು ಹೋದ.
ಹೋದ ಚಳಿಗಾಲ ಅವನ ಪತ್ರ:
'ಅಟರ್‌ಬರಿ ತೀರಿಕೊಂಡ. ನಿನ್ನ ಆ ತಾಮ್ರದ ಪಾತ್ರೆ ಇನ್ನೂ ಇದೆಯೆ?'

ಇದೆ. ಅಗೋ, ನಿನ್ನ ಮೂಗಿನ ಕೆಳಗೇ ಇದೆ.
ನಾವು ಚಹಾಕ್ಕೆ ಉಪ್ಪು ಹಾಕುವ ಜನ.
ಆ ಚಳಿಯಲ್ಲಿ ಪಾತ್ರೆ ತೊಳೆಯುವ ಕೈ ಯಾರಿಗಿತ್ತು?
ತಳದಲ್ಲಿ ಬೆರಳು ದಪ್ಪ ಉಪ್ಪು.
ಉಪ್ಪುನೀರು ಹಟ ಮಾಡಿ ಕುದಿಯುತ್ತದೆ,
ಇಷ್ಟು ಯಾವ ಅಡುಗೆಯವನಿಗೂ ಗೊತ್ತು.

ತಡಿ, ಕಿರಿಯನೇ ಸರಿ ಅಂತ ಬರೆದುಕೊಳ್ಳಬೇಡ.
ಅವನ ಡಬ್ಬಿಯಲ್ಲಿ ಹಿಂದಿನ ರಾತ್ರಿ ಉಪ್ಪು ಹಚ್ಚಿದ ಮಾಂಸವಿತ್ತು.

ಯಾಕೆ ಹೇಳಲಿಲ್ಲ ಅಂದರೆ? ಯಾರೂ ಕೇಳಲಿಲ್ಲ.
ಉಪ್ಪಿನ ಋಣ ಅನ್ನುತ್ತಾರಲ್ಲ,
ಇಲ್ಲಿ ಅದು ತಿರುಗುಮುರುಗು. ಉಪ್ಪು ನನ್ನದು, ತಿಂದವರು ಅವರು.

ಆ ಕಡ್ಡಿ ಯಾಕೆ ಹೊರಗೆ ತೆಗೆದೆ?
ಒಳಗಿಡು ಮಗು.
ಇದು ಕುಡಿಯುವುದಕ್ಕೆ.