ಆರನೆಯ ಪ್ರಶ್ನೆ

ತ್ಬಿಲಿಸಿಯಿಂದ ಫೋನು. ಎಳೆಯ ದನಿ, ನೆಗಡಿ ಬೇರೆ.
"ಲಾಮಾರಾ ಅಮ್ಮ, ಕಳೆದ ವಾರ ಎಷ್ಟು ದಿನ
ನಿಮಗೆ ಒಂಟಿ ಅನ್ನಿಸಿತು? ಸೊನ್ನೆಯಿಂದ ಏಳರೊಳಗೆ
ಒಂದು ಅಂಕಿ ಹೇಳಿ, ಸಾಕು."

ಅಂಕಿಗೇನು ಮಗು, ಹೇಳೋಣ, ತಡಿ.
ಮೂವತ್ತೊಂದು ವರ್ಷ ಕುತಾಯಿಸಿಯ ರಂಗಮಂದಿರದಲ್ಲಿ
ಹಲಗೆಯ ಕೆಳಗೆ, ಮೊಣಕಾಲು ಮಡಚಿದರಷ್ಟೇ ಹಿಡಿಸುವ ಗೂಡಿನಲ್ಲಿ
ಪ್ರಾಂಪ್ಟರ್ ಆಗಿ ಕೂತವಳು ನಾನು.
ಯಾವ ರಾಜನ ಬೂಟಿನ ಹೊಲಿಗೆ ಬಿಟ್ಟಿತ್ತು, ನನಗೆ ಗೊತ್ತು.
ಮರೆತವರಿಗೆ ಮಾತು ಕೊಟ್ಟು
ಚಪ್ಪಾಳೆಯ ಹೊತ್ತಿಗೆ ದೀಪ ಆರಿಸಿ ಮನೆಗೆ.
ಆ ಗೂಡಿನಲ್ಲಿ ನನಗೆ ಒಂದು ದಿನವೂ...
ಇರಲಿ, ಮುಂದಿನದು ಕೇಳು.

ನಮ್ಮೂರಲ್ಲಿ ಒಬ್ಬಳೇ ಉಣ್ಣುವುದು ಕಾಯಿಲೆಯ ಲೆಕ್ಕ.
ಕದ ಹಾಕಿದರೆ ತಟ್ಟುತ್ತಾರೆ, ತೆಗೆಯದಿದ್ದರೆ
ಅವರ ಹತ್ತಿರವೇ ಒಂದು ಬೀಗದ ಕೈ ಇರುತ್ತದೆ.
ಮದುವೆಗೆ ಮುನ್ನೂರು ಜನ, ಸಾವಿನ ಊಟಕ್ಕೆ ಇನ್ನೂ ಹೆಚ್ಚು,
ಲೋಟಕ್ಕೊಂದು ಭಾಷಣ.
ಹಲ್ಲುನೋವೆಂದು, ಬೆಕ್ಕಿಗೆ ಹುಷಾರಿಲ್ಲವೆಂದು
(ಬೆಕ್ಕೇ ಇರಲಿಲ್ಲ)
ಅರ್ಧಕ್ಕೆ ಎದ್ದು ಬಂದ ಸುಳ್ಳುಗಳನ್ನೆಲ್ಲ ಜೋಡಿಸಿದರೆ
ರಿಯೋನಿ ನದಿಗೆ ಇನ್ನೊಂದು ಸೇತುವೆ ಆದೀತು.

ಈ ವಸಂತದಲ್ಲಿ ಸರ್ಕಾರವೇ ಆ ಕಷ್ಟ ತಪ್ಪಿಸಿತು.
ರಾತ್ರಿ ಒಂಬತ್ತಕ್ಕೆ ಊರು ಬಾಯಿ ಮುಚ್ಚುತ್ತದೆ.
ಬುಟ್ಟಿ ಇಳಿಬಿಟ್ಟರೆ ರೊಟ್ಟಿ ಮೇಲೆ ಬರುತ್ತದೆ,
ಹಗ್ಗಕ್ಕೆ ಯೋಗಕ್ಷೇಮ ಕೇಳುವ ಚಟವಿಲ್ಲ.
ಟೀ ಆರುವವರೆಗೂ ಕೂರುತ್ತೇನೆ.
ರಕ್ತದೊತ್ತಡ ಇಳಿದಿದೆ, ಬರೆದುಕೋ.
ನಾಚಿಕೆಯೂ ಇದೆ, ಅದಕ್ಕೆ ನಿನ್ನಲ್ಲಿ ಕಾಲಂ ಉಂಟೆ?
ಆಸ್ಪತ್ರೆಯ ಗಾಡಿ ಕೂಗುತ್ತ ಮೂಲೆ ತಿರುಗುವಾಗ
ಸುಖವಾಗಿದ್ದೇನಲ್ಲ, ಆ ನಾಚಿಕೆ.

"ಆರನೆಯದು: ಈ ವಾರ ಯಾರೊಡನಾದರೂ ಮಾತಾಡಿದಿರಾ?"

ಎದುರು ಸಾಲಿನ ಗುರಾಮ್. ನಲವತ್ತು ವರ್ಷ
ಈ ಬೀದಿಯ ಪ್ರತಿ ಮೇಜಿಗೂ ಅವನೇ ತಮಾದಾ,
ಲೋಟ ಎತ್ತಿ ಮಾತು ಹೂಡುವ ಯಜಮಾನ.
ಅವನ ಗಂಟಲಿಗೆ ಹೆದರಿಯೇ ಕಿಟಕಿಗೆ ಎರಡು ಪರದೆ ಹೊಲಿಸಿದ್ದೆ.
ಈಸ್ಟರ್ ರಾತ್ರಿ ಕರಿ ಕೋಟು ತೊಟ್ಟು ಬಾಲ್ಕನಿಗೆ ಬಂದ,
ಒಂದು ಸ್ಟೂಲು, ಒಂದು ಲೋಟ, ಒಂದು ಕೆಂಪು ಮೊಟ್ಟೆ.
ಶಾಂತಿಗೆ ಎತ್ತಿದ. ಊರಿಗೆ ಎತ್ತಿದ.
ಖಾಲಿ ಅಂಗಳ ಕೇಳಿಸಿಕೊಂಡಿತು.
ಮೂರನೆಯದು ತೀರಿಕೊಂಡವರಿಗೆ.
"ನಮಗಿಂತ ಮುಂಚೆ ಮೇಜು ಬಿಟ್ಟು ಎದ್ದವರಿಗೆ" ಅಂದವನು
ನಿಂತ.
ಲೋಟ ಮೇಲೆಯೇ ಇದೆ. ತುಟಿ ಹುಡುಕುತ್ತಿದೆ.

ನೆನೆದು ನಿಂತವನ ಕಾಲು ಗಟ್ಟಿ, ಮಗು.
ಮಾತು ಕಳಚಿಬಿದ್ದವನ ಮೊಣಕಾಲು
ಕೂದಲೆಳೆಯಷ್ಟು ಒಳಕ್ಕೆ ಬಾಗುತ್ತದೆ.
ನಲವತ್ತು ವರ್ಷ ಎರಡು ಪರದೆ ದಾಟಿ ಬಂದ ಸಾಲು
ನನಗೆ ಬಾಯಿಪಾಠ.
ದೀಪ ಹಾಕಲಿಲ್ಲ. ಕಿಟಕಿ ಬೆರಳಗಲ ತೆರೆದು,
ಸಭೆಗೆ ಕೇಳದ, ಅವನಿಗಷ್ಟೇ ಮುಟ್ಟುವ ಆ ಹಳೆಯ ಪಿಸುದನಿಯಲ್ಲಿ:
"ಅವರ ಕುರ್ಚಿ ಬೆಚ್ಚಗಿರಲಿ."

"ಅವರ ಕುರ್ಚಿ ಬೆಚ್ಚಗಿರಲಿ" ಅಂದ ಗುರಾಮ್.
ಇತ್ತ ನೋಡಲಿಲ್ಲ. ಒಳ್ಳೆಯ ನಟರು ನೋಡುವುದಿಲ್ಲ.
ಕುಡಿದ.
ನಾನು ಕಿಟಕಿ ಮುಚ್ಚಿದೆ.

ಇದನ್ನು ಮಾತು ಅಂತ ಬರೆದುಕೊಳ್ಳುವುದೋ ಬಿಡುವುದೋ
ನಿನಗೆ ಸೇರಿದ್ದು.
ಆ ಅಂಕಿ, ಒಂದು ಅಂತ ಹಾಕು.
ಯಾವ ದಿನ ಅಂತ ಕೇಳಬೇಡ, ಮತ್ತೆ ಫೋನೂ ಮಾಡಬೇಡ.
ನೆಗಡಿಗೆ ರಾಸ್ಪ್‌ಬೆರಿ ಜಾಮು ಬಿಸಿನೀರಿಗೆ ಕದಡಿ ಕುಡಿ.
ಕದಡಿ ಕೊಡಲು
ಯಾರಾದರೂ ಇದ್ದಾರೆಯೆ ಅಲ್ಲಿ?