ಕೂದಲೆಳೆಯಷ್ಟು ಕೆಳಗೆ

ಮೇಲಿನ ಸಾಲಿನ ಎದುರುಹಲ್ಲೆರಡು ನನ್ನ ಅರ್ಧ ಕಿವಿ.
ಪಿಯಾನೋ ಶ್ರುತಿಮಾಡುವಾಗ ಕೈ ಎರಡಕ್ಕೂ ಕೆಲಸ,
ಎಡಗೈ ಮನೆಗಳ ಮೇಲೆ, ಬಲಗೈ ಕೀಲಿಯ ಮೇಲೆ.
ಶ್ರುತಿಕವೆಯನ್ನು ಮೊಣಕಾಲಿಗೆ ಬಡಿದು
ಹಲ್ಲಲ್ಲೇ ಕಚ್ಚಿಕೊಳ್ಳಬೇಕು.
ಆಗ ‘ಲಾ’ ಬರುವುದು ಗಾಳಿಯಿಂದಲ್ಲ,
ದವಡೆಯಿಂದ, ಬುರುಡೆಯ ಒಳಕೋಣೆಯಿಂದ,
ಗೋಡೆಯಾಚೆ ಯಾರೋ ತಮ್ಮಷ್ಟಕ್ಕೆ
ಗುನುಗಿಕೊಂಡ ಹಾಗೆ.

ಅದಕ್ಕೇ ಡಾಕ್ಟರ್ ಜುರಾಬ್
“ಒಸಡು ಹಿಂದೆ ಸರಿದಿದೆ ನತೇಲಾ, ಬೇರು ಕಾಣುತ್ತಿದೆ” ಎಂದಾಗ
ನನಗೆ ಕೇಳಿಸಿದ್ದೇ ಬೇರೆ:
ತಂತಿ ಸಡಿಲವಾಗುತ್ತಿದೆ.
“ಕೊಳೆಯಿಂದಲ್ಲ, ನಿಮ್ಮ ಶುಚಿಯಿಂದ.
ಹಲ್ಲುಜ್ಜುವುದಿಲ್ಲ ನೀವು, ತಳಹತ್ತಿದ ಪಾತ್ರೆ ತಿಕ್ಕುತ್ತೀರಿ.
ಕರೆಂಟಿನ ಬ್ರಷ್ಷು ಕೊಳ್ಳಿ,
ಒತ್ತಿದರೆ ಬೈಯುವಂಥದ್ದು.”

ನಗು ಬಂತು.
ಕುತೈಸಿಯ ಎಷ್ಟು ಮನೆಗಳಲ್ಲಿ ಕೆಲಸ ಮುಗಿಸಿ ಏಳುವಾಗ
ಅಲ್ಲಿನ ಮಕ್ಕಳಿಗೆ ಹೇಳಿಲ್ಲ ನಾನು:
ಗುದ್ದಬೇಡ ಕಂದಾ, ಮುಟ್ಟು ಸಾಕು.

ಅಂಗಡಿಯ ಹುಡುಗ ಸಾಂದ್ರೋ, ಮೀಸೆ ಇನ್ನೂ ಬರೋಣವೋ ಬೇಡವೋ ಎನ್ನುತ್ತಿತ್ತು.
ಐದು ಡಬ್ಬಿ ಸಾಲಾಗಿಟ್ಟ, ಅಗ್ಗದಿಂದ ಮೇಲಕ್ಕೆ.
ಇದು ಫೋನಿನಲ್ಲಿ ಬಾಯಿಯ ನಕ್ಷೆ ಬರೆಯುತ್ತದೆ,
ಇದಕ್ಕೆ ಏಳು ಬಣ್ಣ, ಇದಕ್ಕೆ ಪ್ರಯಾಣದ ಚೀಲ.
“ಹೊಡೆಸು ನೋಡೋಣ” ಎಂದೆ,
ಪ್ರದರ್ಶನಕ್ಕಿಟ್ಟ ಬೋಳು ಹಿಡಿಯನ್ನು ದವಡೆಗೊತ್ತಿ ಕಣ್ಣುಮುಚ್ಚಿದೆ.
ಮೊದಲನೆಯದು ಬಾಟಲಿಗೆ ಬಿದ್ದ ಜೀರುಂಡೆ.
ಎರಡನೆಯದು ದಿಬ್ಬ ಹತ್ತುವ ಹಳೇ ಬಸ್ಸು.
ಮೂರನೆಯದು—
ಹುಡುಗಾ, ಸ್ವಲ್ಪ ಆ ರೇಡಿಯೋ ನಿಲ್ಲಿಸುತ್ತೀಯಾ—
ಮೂರನೆಯದು ನಡುಮನೆಯ ‘ದೋ’,
ಕೂದಲೆಳೆಯಷ್ಟು ಕೆಳಗೆ.
ಉಳಿದೆರಡು ಕೇಳಲಿಲ್ಲ.
ಮೃದು ಎಳೆ, ಪುಟ್ಟ ತಲೆ,
ಎರಡು ನಿಮಿಷದ ಲೆಕ್ಕ, ಅದುಮಿದರೆ ಕೆಂಪು ದೀಪ.
ಬೇರೇನು ಬೇಕು.

“ಕರೆಂಟು ಹೋದರೆ?” ಎಂದೆ.
ಅವನು ಕಣ್ಣು ಪಿಳುಕಿಸಿದ. “ಬರುತ್ತದಲ್ಲ, ಅಜ್ಜಿ.
ಒಮ್ಮೆ ತುಂಬಿದರೆ ಹದಿನೈದು ದಿನ.”

ಹದಿನೈದು ದಿನ!
ತೊಂಬತ್ತಮೂರರ ಚಳಿಯಲ್ಲಿ ನಮಗೆ ಸಿಗುತ್ತಿದ್ದದ್ದು
ದಿನಕ್ಕೆರಡು ಗಂಟೆ, ಅದೂ ಅದರ ಮನಸ್ಸಿಗೆ ಬಂದರೆ.
ಇದ್ದೊಂದು ಮೇಣದಬತ್ತಿ ಊಟದ ಮೇಜಿಗೆ.
ಬಚ್ಚಲ ಕತ್ತಲಲ್ಲಿ ಬೆರಳಿಗೆ ಅಡಿಗೆಸೋಡ ಮೆತ್ತಿಕೊಟ್ಟು
ಅಮ್ಮ ಹೇಳುತ್ತಿದ್ದಳು,
ಕಣ್ಣಿಗೆ ಕಾಣದ್ದನ್ನು ಕೈಯೇ ನೋಡಬೇಕು,
ಗಟ್ಟಿಯಾಗಿ ತಿಕ್ಕು.
ಮೇಲ್ಮಹಡಿಯ ತ್ಸಿಯಾಲಾ ಪಿಯಾನೋದ ಮುಚ್ಚಳವನ್ನು ಒಲೆಗಿಟ್ಟ ವರ್ಷ ಅದು.
ತಂತಿಹಲಗೆಯನ್ನಾದರೂ ಬಿಡು ಎಂದು ಕಾಲು ಹಿಡಿದಿದ್ದೆ.
ಆಗ ಹಲ್ಲಿತ್ತು, ಅಕ್ರೋಟಿರಲಿಲ್ಲ.
ಈಗ ಬಜಾರಿನ ತುಂಬ ಅಕ್ರೋಟು,
ಹಲ್ಲೂ ಇದೆ ಇನ್ನೂ,
ಅದಕ್ಕೇ ತಾನೇ ಬಂದೆ.

ಲೈಟು ಬಂದು ಮೂವತ್ತು ವರ್ಷವಾಯಿತು.
ಈ ಕೈಗೆ ಯಾರೂ ಹೇಳಿರಲಿಲ್ಲ.

ರಾತ್ರಿ. ಮೊದಲ ಸಲ ಬಾಯಿಗಿಟ್ಟದ್ದೇ ತಡ
ಕೆಂಪು.
ಸಡಿಲಿಸಿದೆ. ಮತ್ತೆ ಕೆಂಪು.
ಅರವತ್ತಮೂರಕ್ಕೆ ನಾನೇ ಆ ಮಗು,
ಒತ್ತುವ ಮಗು, ಬೈಸಿಕೊಳ್ಳುವ ಮಗು.
ಹಲ್ಲಿಂದ ಹಲ್ಲಿಗೆ ಒಯ್ಯುವುದಷ್ಟೇ, ಉಜ್ಜುವುದು ಅದರ ಪಾಡು,
ಅರ್ಧ ನಿಮಿಷಕ್ಕೊಮ್ಮೆ ಒಂದು ಬಿಕ್ಕು, ಜಾಗ ಬದಲಿಸು.
ಬುರುಡೆಯೊಳಗೆ ಪೂರಾ ‘ದೋ’.

ಮೂರನೇ ವಾರವೊಂದು ರಾತ್ರಿ
ಬಚ್ಚಲ ದೀಪ ನಾನೇ ಆರಿಸಿದೆ.
ಕತ್ತಲಲ್ಲಿ ಎರಡು ನಿಮಿಷ ಕಾದು ನೋಡಿದೆ,
ಕೆಂಪು ಬರಲಿಲ್ಲ.
ಉಗಿದದ್ದು ಬಿಳಿಯೋ ಗುಲಾಬಿಯೋ ಕಾಣಲಿಲ್ಲ,
ನಾಲಿಗೆಗೆ ಕಬ್ಬಿಣದ ರುಚಿ ಇರಲಿಲ್ಲ.

ಆಮೇಲೆ ಒದ್ದೆ ಬಾಯಲ್ಲೇ ಹೋಗಿ
ಪಿಯಾನೋದ ‘ದೋ’ ಮುಟ್ಟಿದೆ.
ಹೌದು, ಬ್ರಷ್ಷೇ ಕೆಳಗೆ.
ಅದನ್ನು ಬಿಗಿಯುವ ಕೀಲಿ ನನ್ನ ಚೀಲದಲ್ಲಿಲ್ಲ.